ಅಧ್ಯಾಪಕರ ಸಂಬಳವೂ ಹುರುಪೂ

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬಣಕಲ್ಲನ್ನು ದಾಟಿ ಮುಂದೆ ಸಾಗಿದರೆ ಕೊಟ್ಟಿಗೆಹಾರವೆಂಬ ಊರು ಸಿಕ್ಕುತ್ತದೆ. ಕಳಸ ಹೊರನಾಡುಗಳಿಗೆ ಹೋಗತಕ್ಕ ದಾರಿ ಇಲ್ಲಿ ಕವಲೊಡೆಯುತ್ತದೆ. ಬಿಡದೆ ಸುರಿಯುವ ಮಳೆಗೆ ಹೆಸರಾದ ಈ ಸೀಮೆಯ ತೋಟಗಳಲ್ಲಿ, ಮಳೆ ಹಿಂದೆಗೆದು ಚಳಿ ಕಾಲಿಟ್ಟ ಮೇಲೆ ಕಾಫಿಯ ಕೊಯ್ಲು ಮೊದಲಾಗುತ್ತದೆ. ಸಂಜೆಯಾಗುತ್ತಲೇ ಹಣ್ಣಿನ ಚೀಲಗಳು ಬಂದು ಸಾಲಾಗಿ ನಿಲ್ಲುತ್ತವೆ. ತೋಟದ ರೈಟರು ಒಂದೊಂದನ್ನೇ ತೂಗಿಸಿ, ಕೊಯ್ದವರ ಹೆಸರಿನ ಮುಂದೆ ಕಿಲೋಗಳನ್ನು ಬರೆದುಕೊಳ್ಳುತ್ತಾರೆ. ಕೂಲಿ ಎಷ್ಟೆಂಬುದು ಆ ಅಂಕಿಯಿಂದಲೇ ತೀರ್ಮಾನವಾಗುತ್ತದೆ. ಇದಕ್ಕಿಂತ ಸರಳವೂ ನ್ಯಾಯವೂ ಆದ ಏರ್ಪಾಡು ಮತ್ತೊಂದಿರಲಾರದೆಂದು ಮೊದಲ ನೋಟಕ್ಕೆ ತೋರುವುದು ಸಹಜ.

ಆದರೆ ಅನುಭವಸ್ಥರಾದ ತೋಟಗಾರರು ಹಾಗೆ ಹೇಳುವುದಿಲ್ಲ. ಕಿಲೋ ಲೆಕ್ಕದಲ್ಲಿ ಕೈ ಬೇಗ ಓಡುತ್ತದೆಯೆಂಬುದೇನೋ ದಿಟ. ಓಡುವ ಕೈ ಕೆಂಪಗೆ ಕಳಿತ ಹಣ್ಣನ್ನು ಮಾತ್ರ ಆರಿಸುತ್ತ ನಿಲ್ಲುವುದಿಲ್ಲ. ರೆಂಬೆಯನ್ನು ಹಿಡಿದು ಸವರಿದಾಗ ಹಸುರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ತಕ್ಕಡಿಗೆ ಹಣ್ಣೂ ಒಂದೇ, ಕಾಯಿಯೂ ಒಂದೇ. ಪಲ್ಪರಿಗೆ ಮಾತ್ರ ಅವೆರಡೂ ಒಂದಲ್ಲ, ಕುಡಿಯುವವರ ನಾಲಗೆಗಂತೂ ಅಲ್ಲವೇ ಅಲ್ಲ. ಆದುದರಿಂದ ಮೊದಲು ಹಣ್ಣಾದುದನ್ನು ಅಲ್ಲೊಂದು ಇಲ್ಲೊಂದು ಆರಿಸಿ ಕೊಯ್ಯುವಾಗ ದಿನಗೂಲಿ, ಫಸಲು ಒಟ್ಟಿಗೆ ಹಣ್ಣಾಗಿ ನಿಂತಾಗ ಕಿಲೋ ಲೆಕ್ಕ, ಇಲ್ಲವೆ ದಿನಗೂಲಿಗೆ ಇಷ್ಟು ಕಿಲೋ ಎಂದು ಗೊತ್ತುಮಾಡಿ ಅದಕ್ಕೆ ಮೀರಿದುದಕ್ಕೆ ಹೆಚ್ಚಿನ ಹಣ, ಹೀಗೆ ತೋಟಗಾರರು ಕೆಲಸದ ಸ್ವಭಾವಕ್ಕೆ ತಕ್ಕಂತೆ ಕೂಲಿಯ ಸ್ವರೂಪವನ್ನು ಬದಲಾಯಿಸುತ್ತ ಬಂದಿದ್ದಾರೆ. ಸಂದೇಹ ಬಂದರೆ ಚೀಲವನ್ನು ಸುರಿದು ನೋಡುವ ಸೌಕರ್ಯವೂ ಅವರಿಗುಂಟು.

ಇದೇ ತಾಲ್ಲೂಕಿನಲ್ಲಿ ಬೇರೊಂದು ಬಗೆಯ ಕೆಲಸವೂ ನಡೆಯುತ್ತದೆ. ಮೂಡಿಗೆರೆಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಂಟು, ತೋಟಗಾರಿಕೆಯ ಕಾಲೇಜೂ ಉಂಟು. ೧೯೮೭ರಲ್ಲಿ ಸ್ಥಾಪಿತವಾಗಿ ಶಂಕರಘಟ್ಟದಲ್ಲಿ ನೆಲಸಿರುವ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಈ ಜಿಲ್ಲೆ ಸೇರಿದೆ. ಅಲ್ಲಿ ಪಾಠ ಹೇಳುವ ಅಧ್ಯಾಪಕರು ಸಂಜೆ ಮನೆಗೆ ಹೊರಟಾಗ ಅವರ ಚೀಲದಲ್ಲಿ ಎಷ್ಟು ಕಿಲೋ ಇದೆಯೆಂದು ತೂಗುವವರಾರು? ಅವರು ಹೇಳಿದ ಮಾತು ಒಬ್ಬ ವಿದ್ಯಾರ್ಥಿಯ ಮನಸ್ಸಿನಲ್ಲಿ ಹಣ್ಣಾಗುವುದಕ್ಕೆ ಹತ್ತು ವರ್ಷವೇ ಹಿಡಿಯಬಹುದು. ಹೀಗಿರಲು ಅವರಿಗೆ ಸಂಬಳವನ್ನು ಯಾವ ರೀತಿಯಲ್ಲಿ ಕೊಟ್ಟರೆ ಕೆಲಸದಲ್ಲಿ ಹುರುಪು ಹೆಚ್ಚೀತು? ಅರ್ಥಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ಈ ಪ್ರಶ್ನೆಯ ಬೆನ್ನು ಹತ್ತಿ ಸಾಕಷ್ಟು ಪ್ರಯೋಗಗಳನ್ನು ನಡೆಸಿದ್ದಾರೆ.

ಆಡಂ ಸ್ಮಿತ್ತನ ದೂರು

ಪ್ರಶ್ನೆ ಹಳೆಯದು. ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ ೧೭೪೦ರಿಂದ ೧೭೪೬ರವರೆಗೆ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದನು. ಅಲ್ಲಿನ ಪ್ರಾಧ್ಯಾಪಕರು ಪಾಠ ಹೇಳುವಂತೆ ನಟಿಸುವುದನ್ನು ಕೂಡ ಬಿಟ್ಟುಬಿಟ್ಟಿದ್ದಾರೆಂದು, ೧೭೭೬ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ದೂರಿದನು. ಕಾರಣ ಸ್ಪಷ್ಟವೆಂಬುದು ಅವನ ಮತ. ಪಾಠ ಹೇಳಿದರೂ ಹೇಳದಿದ್ದರೂ ಬರುವ ಸಂಬಳ ಬಂದೇ ಬರುತ್ತದೆ. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿಯಾದರೋ ಅಧ್ಯಾಪಕರ ವರಮಾನದ ಬಹುಭಾಗ ವಿದ್ಯಾರ್ಥಿಗಳು ತಾವೇ ತಂದುಕೊಡುತ್ತಿದ್ದ ಶುಲ್ಕದಿಂದ ಬರುತ್ತಿತ್ತು. ಪಾಠ ಸಪ್ಪೆಯಾದರೆ ಕೊಠಡಿ ಬರಿದು, ಜೇಬೂ ಬರಿದು.

ಆದರೆ ಇದೇ ಸ್ಮಿತ್ತನು ೧೭೫೧ರಿಂದ ಗ್ಲಾಸ್ಗೋವಿನಲ್ಲಿ ಪಾಠ ಹೇಳಿ, ೧೭೬೪ರಲ್ಲಿ ವರ್ಷದ ನಡುವೆಯೇ ಹುದ್ದೆಯನ್ನು ಬಿಡಬೇಕಾಗಿ ಬಂದಾಗ, ಪಾಠ ಪೂರ್ತಿಯಾಗಲಿಲ್ಲವೆಂಬ ಕಾರಣಕ್ಕೆ ವಿದ್ಯಾರ್ಥಿಗಳ ಶುಲ್ಕವನ್ನು ಹಿಂದಿರುಗಿಸಲು ಹೊರಟನು. ವಿದ್ಯಾರ್ಥಿಗಳು ಒಲ್ಲೆವೆಂದರು. ಅವನು ಬಲವಂತವಾಗಿ ಹಿಂದಕ್ಕೆ ಕೊಟ್ಟನೆಂದು ಚರಿತ್ರಕಾರರು ಹೇಳುತ್ತಾರೆ. ಶುಲ್ಕವೇ ಅಧ್ಯಾಪಕನನ್ನು ನಡೆಸುವ ಶಕ್ತಿಯೆಂದು ವಾದಿಸಿದವನು ತಾನು ಮಾತ್ರ ಬೇರೆ ಶಕ್ತಿಯೊಂದಕ್ಕೆ ಮಣಿದಂತೆ ಕಾಣುತ್ತದೆ!

ನಮ್ಮ ನಾಡಿನಲ್ಲಿಯೂ ಇಂಥ ನಿದರ್ಶನಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ೧೯೧೮ರ ಸುಮಾರಿಗೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು, ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ನಮ್ಮಂಥವರಿಗೆಲ್ಲ ಅದು ತವರುಮನೆ. ಸರ್. ಸಿ. ವಿ. ರಾಮನ್ನರು ೧೯೧೭ರಲ್ಲಿ ಹಣಕಾಸು ಇಲಾಖೆಯ ದೊಡ್ಡ ಹುದ್ದೆಯನ್ನು ತೊರೆದು, ಅದಕ್ಕಿಂತ ಬಹಳ ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಕಲ್ಕತ್ತೆಯಲ್ಲಿ ಒಪ್ಪಿಕೊಂಡರು. ಇಂಥ ಕಥೆಗಳನ್ನು ಓದಿದಾಗ ಮೈ ಪುಲಕಿಸುತ್ತದೆಯಾದರೂ, ಅವುಗಳನ್ನು ಬಳಸುವಾಗ ಎಚ್ಚರವಿರಬೇಕೆಂದು ನಮಗೆ ತೋರುತ್ತದೆ. ಕಡಿಮೆಯಾದ ಮೇಲೂ ರಾಮನ್ನರ ಸಂಬಳ ಒಂದು ಸಂಸಾರವನ್ನು ಗೌರವವಾಗಿ ನಡೆಸುವಷ್ಟಿತ್ತು. ಮುಂದಿನ ವರ್ಷ ಆ ಪೀಠ ಉಳಿದೀತೋ ಇಲ್ಲವೋ ಎಂಬ ಭಯ ಅವರಿಗಿರಲಿಲ್ಲ. ತ್ಯಾಗದ ಕಥೆಯನ್ನು ಇನ್ನೊಬ್ಬರ ಸಂಬಳವನ್ನು ಕಡಿಯುವುದಕ್ಕೆ ಕತ್ತಿಯನ್ನಾಗಿ ಮಾಡಿಕೊಳ್ಳುವವರು ಈ ಭಾಗವನ್ನು ಬಿಟ್ಟು ಓದುತ್ತಾರೆ.

ಒಗಟು ಬಿಡಿಸಿದವರಿಗೆ ಒಂದು ಡಾಲರು

೧೯೫೯ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನೂ ಅವನ ಜೊತೆಗಾರರೂ, ಪಿಟ್ಸ್‌ಬರ್ಗ್ ಪ್ರಾಂತದ ಸುಮಾರು ೨೦೦ ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಕೆಲಸದಲ್ಲಿ ನಿಮಗೆ ಬಹಳ ಸಂತೋಷವಾದ ಸಂದರ್ಭ ಯಾವುದು, ಬಹಳ ಬೇಸರವಾದ ಸಂದರ್ಭ ಯಾವುದು ಎಂಬುದು ಅವರು ಕೇಳಿದ ಪ್ರಶ್ನೆ. ಉತ್ತರಗಳನ್ನು ವಿಂಗಡಿಸಿದಾಗ ಒಂದು ವಿಚಿತ್ರ ಕಂಡುಬಂತು. ಬೇಸರಕ್ಕೆ ಕಾರಣವಾದ ಸಂಗತಿಗಳು ಒಂದು ಗುಂಪು, ಸಂತೋಷಕ್ಕೆ ಕಾರಣವಾದುವು ಮತ್ತೊಂದು ಗುಂಪು. ಸಂಬಳ, ಮೇಲಧಿಕಾರಿಯ ನಡತೆ, ಕಚೇರಿಯ ಕಟ್ಟಳೆಗಳು ಇವು ಕೆಟ್ಟರೆ ಮನಸ್ಸು ಕೆಡುತ್ತದೆ. ಸರಿಯಾಗಿದ್ದರೆ ಕೆಟ್ಟ ಮನಸ್ಸು ನೆಟ್ಟಗಾಗುತ್ತದೆ, ಅಷ್ಟೆ. ಹುರುಪು ಹುಟ್ಟುವುದು ಮಾಡಿದ ಕೆಲಸ ಕೈಗೂಡಿದಾಗ, ಅದನ್ನು ಬಲ್ಲವರು ಮೆಚ್ಚಿದಾಗ, ಹೊಣೆ ತನ್ನದೇ ಎನಿಸಿದಾಗ. ಹರ್ಜ್‌ಬರ್ಗ್ ಮೊದಲನೆಯ ಗುಂಪನ್ನು ಊರಿನ ನೈರ್ಮಲ್ಯಕ್ಕೆ ಹೋಲಿಸಿದನು. ಶುದ್ಧವಾದ ನೀರು ರೋಗವನ್ನು ತಡೆಯುತ್ತದೆ. ಅದನ್ನು ಕುಡಿದ ಮಾತ್ರಕ್ಕೆ ಯಾರೂ ಜಟ್ಟಿಯಾಗುವುದಿಲ್ಲ. ಅವನ ವಿಂಗಡಣೆ ಅಷ್ಟು ಖಚಿತವಲ್ಲವೆಂದು ಮುಂದೆ ಬಹಳ ಮಂದಿ ಆಕ್ಷೇಪಿಸಿದರು. ಮನುಷ್ಯರು ಗೆಲುವನ್ನು ತಮ್ಮ ಲೆಕ್ಕಕ್ಕೂ ಸೋಲನ್ನು ಕಚೇರಿಯ ಲೆಕ್ಕಕ್ಕೂ ಬರೆಯುವುದು ಲೋಕರೂಢಿಯಷ್ಟೆ.

ಇನ್ನಷ್ಟು ಕಟ್ಟುನಿಟ್ಟಾದ ಪರೀಕ್ಷೆಯನ್ನು ೧೯೭೧ರಲ್ಲಿ ಎಡ್ವರ್ಡ್ ಡೆಸಿ ಪ್ರಕಟಿಸಿದನು. ತುಂಡುಗಳನ್ನು ಜೋಡಿಸಿ ಬಗೆಬಗೆಯ ಆಕಾರಗಳನ್ನು ಮಾಡತಕ್ಕ ಒಂದು ಒಗಟನ್ನು ಕಾಲೇಜು ವಿದ್ಯಾರ್ಥಿಗಳ ಮುಂದೆ ಇಡಲಾಯಿತು. ಮೂರು ಬೈಠಕ್ಕುಗಳ ಪೈಕಿ ಎರಡನೆಯದರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಬಿಡಿಸಿದ ಒಂದೊಂದು ಆಕಾರಕ್ಕೂ ಒಂದೊಂದು ಡಾಲರನ್ನು ಕೊಟ್ಟರು. ಮೂರನೆಯದರಲ್ಲಿ ಯಾರಿಗೂ ಹಣವಿಲ್ಲ. ಪ್ರತಿ ಬೈಠಕ್ಕಿನಲ್ಲಿಯೂ ಪರೀಕ್ಷಕನು ನೆಪಮಾಡಿಕೊಂಡು ಎಂಟು ನಿಮಿಷ ಹೊರಗೆ ಹೋಗುತ್ತಿದ್ದನು. ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಆ ಎಂಟು ನಿಮಿಷಗಳಲ್ಲಿ. ಕೊಠಡಿಯಲ್ಲಿ ಓದುವುದಕ್ಕೆ ಪತ್ರಿಕೆಗಳೂ ಇದ್ದುವು. ಯಾರೂ ಹೇಳದಿರುವಾಗ ಒಗಟನ್ನು ಮುಟ್ಟುವವರು ಯಾರು? ಹಣ ಪಡೆದಿದ್ದವರು ಅದು ನಿಂತ ಮೇಲೆ ಮೊದಲಿಗಿಂತ ಕಡಿಮೆ ಮುಟ್ಟಿದರು; ಹಣದ ಮಾತನ್ನೇ ಕೇಳದವರು ಹಾಗೆ ಹಿಂದೆಗೆಯಲಿಲ್ಲ. ಭಾಗವಹಿಸಿದವರು ೨೪ ಮಂದಿ ಮಾತ್ರ. ಅಷ್ಟರಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಆದರೆ ೧೯೯೯ರಲ್ಲಿ ಡೆಸಿಯೂ ಅವನ ಸಂಗಡಿಗರೂ ಇಂಥ ೧೨೮ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ವಭಾವತಃ ಸ್ವಾರಸ್ಯವುಳ್ಳ ಕೆಲಸಕ್ಕೆ ಮೊದಲೇ ಗೊತ್ತುಮಾಡಿ ಕೊಟ್ಟ ಬಹುಮಾನ ಆ ಸ್ವಾರಸ್ಯವನ್ನು ಕುಗ್ಗಿಸುವುದೆಂಬ ಫಲವೇ ಬಂತು. ಅನಿರೀಕ್ಷಿತವಾದ ಬಹುಮಾನಕ್ಕೂ ಮೆಚ್ಚುಗೆಯ ಮಾತಿಗೂ ಈ ದೋಷವಿರಲಿಲ್ಲ. ಇದಕ್ಕೆ ಒಪ್ಪದ ಪಂಡಿತರೂ ಇದ್ದಾರೆ. ವಾದ ಇನ್ನೂ ತೀರಿಲ್ಲ.

ಹಾಗಾದರೆ ಅಧ್ಯಾಪಕರಿಗೆ ಹಣದ ಉತ್ತೇಜನವೇ ಕೂಡದೆ? ಹಾಗೆ ಹೇಳಿದರೆ ಸತ್ಯಕ್ಕೆ ದೂರವಾದೀತು. ನೆರೆಯ ಆಂಧ್ರಪ್ರದೇಶದಲ್ಲಿ ೨೦೦೫ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ದೊಡ್ಡ ಪ್ರಯೋಗದಲ್ಲಿ, ಮಕ್ಕಳ ಪರೀಕ್ಷಾಫಲ ಏರಿದಂತೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಸಂಬಳದ ಸುಮಾರು ಶೇಕಡ ೩ರಷ್ಟು ಬಹುಮಾನ ದೊರೆಯುವಂತೆ ಮಾಡಲಾಯಿತು. ಎರಡು ವರ್ಷಗಳಲ್ಲಿ ಆ ಶಾಲೆಗಳ ಮಕ್ಕಳು ಗಣಿತದಲ್ಲಿಯೂ ಭಾಷೆಯಲ್ಲಿಯೂ ಗಮನಾರ್ಹವಾಗಿ ಮುಂದಾದರು. ಬಹುಮಾನಕ್ಕೆ ಸೇರದ ವಿಷಯಗಳಲ್ಲಿಯೂ ಅವರು ಹಿಂದೆ ಬೀಳಲಿಲ್ಲ. ಇದಕ್ಕೆ ವಿರುದ್ಧವಾದ ಪಾಠ ಇಂಡೊನೇಷ್ಯದಿಂದ ಬಂತು. ಅಲ್ಲಿನ ಸರ್ಕಾರ ಉಪಾಧ್ಯಾಯರ ಮೂಲ ಸಂಬಳವನ್ನು, ಕೆಲಸಕ್ಕೆ ಯಾವ ಷರತ್ತನ್ನೂ ಕಟ್ಟದೆ, ಇಮ್ಮಡಿ ಮಾಡಿತು. ೨೦೧೮ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉಪಾಧ್ಯಾಯರ ತೃಪ್ತಿ ಹೆಚ್ಚಿತು, ಹಣದ ತಾಪತ್ರಯ ತಗ್ಗಿತು, ಸಂಜೆಯ ಎರಡನೆಯ ಕೆಲಸವನ್ನು ಬಿಟ್ಟವರೂ ಇದ್ದರು. ಮಕ್ಕಳ ಕಲಿಕೆ ಮಾತ್ರ ಇದ್ದಲ್ಲಿಯೇ ಇತ್ತು. ಹರ್ಜ್‌ಬರ್ಗನು ಬದುಕಿದ್ದರೆ ತಲೆದೂಗುತ್ತಿದ್ದನೇನೋ.

ಪ್ರಾಥಮಿಕ ಶಾಲೆಯ ಕೂಡುವ ಕಳೆಯುವ ಲೆಕ್ಕ ಕಾಫಿಯ ಹಣ್ಣಿಗೆ ಹತ್ತಿರವಾದುದು. ಬಂತೋ ಇಲ್ಲವೋ ಎಂದು ಒಂದು ಗಂಟೆಯಲ್ಲಿ ನೋಡಬಹುದು. ವಿಶ್ವವಿದ್ಯಾನಿಲಯದ ಪಾಠ ಹಾಗಲ್ಲ. ಅಮೆರಿಕದ ವಾಯುಪಡೆಯ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಚೀಟಿಯೆತ್ತಿದಂತೆ ಹಂಚುವ ಪದ್ಧತಿಯಿದೆ. ಇದರ ಪ್ರಯೋಜನ ಪಡೆದು ಕ್ಯಾರೆಲ್ ಮತ್ತು ವೆಸ್ಟ್ ಎಂಬವರು ೨೦೧೦ರಲ್ಲಿ ಪ್ರಕಟಿಸಿದ ಫಲಿತಾಂಶ ಯೋಚನೆಗೆ ಹಚ್ಚುವಂಥದು. ಯಾರ ತರಗತಿಯ ವಿದ್ಯಾರ್ಥಿಗಳು ಆ ವರ್ಷದ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದು ಅಧ್ಯಾಪಕರನ್ನೂ ಹೊಗಳಿದರೋ, ಅವರೇ ಮುಂದಿನ ಮೇಲ್ತರಗತಿಯ ಪಾಠಗಳಲ್ಲಿ ಹಿಂದೆ ಬಿದ್ದರು. ವಿಷಯವನ್ನು ಆಳವಾಗಿ ಉತ್ತ ಅಧ್ಯಾಪಕರಿಗೆ ಆ ವರ್ಷ ಸಿಕ್ಕಿದ್ದು ಕಡಿಮೆ ಹೊಗಳಿಕೆ. ವರ್ಷದ ಕೊನೆಯಲ್ಲಿ ತೂಗಿ ಬಹುಮಾನ ಕೊಡುವ ಪದ್ಧತಿ ಅಲ್ಲಿದ್ದಿದ್ದರೆ ಅದು ತಪ್ಪಾದ ಮನೆಗೆ ಹೋಗುತ್ತಿತ್ತು.

ತಕ್ಕಡಿಗೆ ಬಂದ ವಿದ್ವತ್ತು

ಈಗ ನಮ್ಮ ದೇಶದ ಕಥೆಗೆ ಬರೋಣ. ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ಸಂಬಳ ಹೀನಸ್ಥಿತಿಯಲ್ಲಿದೆಯೆಂದೂ ಅದನ್ನು ಸುಧಾರಿಸದೆ ಉತ್ತಮರು ಈ ವೃತ್ತಿಗೆ ಬರಲಾರರೆಂದೂ ೧೯೪೮-೪೯ರಲ್ಲಿ ರಾಧಾಕೃಷ್ಣನ್ ಆಯೋಗ ಹೇಳಿತು. ೧೯೫೩ರಲ್ಲಿ ಆರಂಭವಾಗಿ ೧೯೫೬ರಲ್ಲಿ ಶಾಸನಬದ್ಧವಾದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಕಾಲಕಾಲಕ್ಕೆ ವೇತನಶ್ರೇಣಿಗಳನ್ನು ಏರಿಸುತ್ತ ಬಂತು. ೨೦೧೬ರ ಜನವರಿಯಿಂದ ಅನ್ವಯವಾಗುವ ಶ್ರೇಣಿಯಲ್ಲಿ ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲವೇತನ ತಿಂಗಳಿಗೆ ೫೭,೭೦೦ ರೂಪಾಯಿ. ವರ್ಷಕ್ಕೆ ಶೇಕಡ ೩ರ ಬಡ್ತಿಹಣ. ಖಾಯಂ ಹುದ್ದೆಯವರ ಮಟ್ಟಿಗೆ ಹಳೆಯ ಕೊರಗು ಬಹುಮಟ್ಟಿಗೆ ತೀರಿತೆನ್ನಬಹುದು.

ಕೊರಗು ತೀರಿದೊಡನೆ ಅನುಮಾನ ಹುಟ್ಟಿತು. ಇಷ್ಟು ಸಂಬಳಕ್ಕೆ ತಕ್ಕ ಕೆಲಸ ನಡೆಯುತ್ತಿದೆಯೇ? ೨೦೧೦ರ ಜೂನ್ ತಿಂಗಳಿನಲ್ಲಿ ಆಯೋಗ ಹೊರಡಿಸಿದ ನಿಯಮಗಳಲ್ಲಿ, ಅಧ್ಯಾಪಕರ ಮೇಲ್ಬಡ್ತಿಗೆ ಅಂಕಗಳ ಒಂದು ಪದ್ಧತಿಯನ್ನು ಕಟ್ಟಲಾಯಿತು. ಇಂಗ್ಲಿಷಿನ ಮೊದಲಕ್ಷರಗಳಿಂದ ಎ.ಪಿ.ಐ. ಎಂದು ಕಾಲೇಜುಗಳಲ್ಲಿ ಹೆಸರಾದುದು ಇದೇ. ಪಾಠಕ್ಕೆ ೧೨೫ರವರೆಗೆ ಅಂಕ, ಪಠ್ಯೇತರ ಕಾರ್ಯ, ವಿಸ್ತರಣೆ, ವೃತ್ತಿವಿಕಾಸ ಇವೆಲ್ಲಕ್ಕೂ ಕೂಡಿ ೫೦ರವರೆಗೆ. ಮೂರನೆಯದು ಸಂಶೋಧನೆ. ಅದರಲ್ಲಿ, ತಜ್ಞರು ಪರಿಶೀಲಿಸಿದ ಪತ್ರಿಕೆಯ ಒಂದು ಲೇಖನಕ್ಕೆ ೧೫. ಪರಿಶೀಲನೆಯಿಲ್ಲದಿದ್ದರೂ ಮಾನ್ಯವೆನಿಸಿದ, ಐ.ಎಸ್.ಎಸ್.ಎನ್. ಸಂಖ್ಯೆಯುಳ್ಳ ಪತ್ರಿಕೆಯದಾದರೆ ೧೦.

ಇದರ ಉದ್ದೇಶ ಒಳ್ಳೆಯದೇ. ಯಾರ ಶಿಫಾರಸೂ ಇಲ್ಲದ ಅಧ್ಯಾಪಕರಿಗೂ ತಮ್ಮ ಕೆಲಸವನ್ನು ಮುಂದಿಟ್ಟು ಹಕ್ಕನ್ನು ಕೇಳುವ ಒಂದು ದಾರಿ ದೊರೆಯಿತು. ಆದರೆ ಹತ್ತು ಮತ್ತು ಹದಿನೈದು ಎಂಬ ಆ ಅಂಕಿಗಳನ್ನು ವಾಚಕರು ಸ್ವಲ್ಪ ದಿಟ್ಟಿಸಿ ನೋಡಬೇಕು. ಬಲ್ಲವರ ಪರೀಕ್ಷೆಗೆ ಒಳಗಾಗಿ, ತಿದ್ದಿಸಿಕೊಂಡು, ಎರಡು ವರ್ಷ ಕಾದು ಅಚ್ಚಾದ ಲೇಖನಕ್ಕೂ, ಹಣ ಕಟ್ಟಿದ ವಾರದೊಳಗೆ ಅಚ್ಚಾಗಬಹುದಾದ ಲೇಖನಕ್ಕೂ ಇರುವ ಅಂತರ ಐದೇ ಅಂಕ. ಕಾಯಿಯನ್ನೂ ಹಣ್ಣನ್ನೂ ಒಂದೇ ಚೀಲದಲ್ಲಿ ತೂಗುವ ತಕ್ಕಡಿ ಇಲ್ಲಿಯೂ ಬಂದು ಕುಳಿತಿತು. ಚೀಲವನ್ನು ಸುರಿದು ನೋಡುವವರು ಮಾತ್ರ ಇರಲಿಲ್ಲ. ಹಣಕ್ಕಾಗಿ ಯಾವುದನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದುವು. ಇಂಥ ಪತ್ರಿಕೆಗಳಲ್ಲಿ ಬರೆದವರ ಬಗ್ಗೆ ಫಿನ್ಲೆಂಡಿನ ಇಬ್ಬರು ವಿದ್ವಾಂಸರು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಪಂಚದ ಎಲ್ಲ ದೇಶಗಳ ಪೈಕಿ ಭಾರತದವರೇ ಹೆಚ್ಚಾಗಿ, ಸುಮಾರು ಮೂರನೆಯ ಒಂದು ಪಾಲಿನಷ್ಟು ಕಂಡುಬಂದರು. ಆಯೋಗವೇ ಮಾನ್ಯಮಾಡಿದ್ದ ಪತ್ರಿಕೆಗಳಲ್ಲಿ ವಿಶ್ವವಿದ್ಯಾನಿಲಯಗಳ ಸೂಚನೆಯಿಂದ ಸೇರಿದುವುಗಳ ಒಂದು ಮಾದರಿಯನ್ನು ತೆಗೆದುಕೊಂಡು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಅವುಗಳಲ್ಲಿ ಶೇಕಡ ೮೮ಕ್ಕೂ ಹೆಚ್ಚು ಕೀಳುಮಟ್ಟದವಾಗಿರಬಹುದೆಂಬ ಅವರ ತೀರ್ಮಾನ ೨೦೧೮ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಆಯೋಗ ೪,೩೦೫ ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಜುಲೈ ತಿಂಗಳಿನ ಹೊಸ ನಿಯಮಗಳಲ್ಲಿ ಕಾಲೇಜು ಅಧ್ಯಾಪಕರ ಮೇಲ್ಬಡ್ತಿಗೆ ಹಳೆಯ ಅಂಕಪದ್ಧತಿಯ ಬಿಗಿ ಸಡಿಲಿತು. ಆಮೇಲೆ ಮಾಡಿದ ಶುದ್ಧ ಪಟ್ಟಿಯೊಂದನ್ನೂ ಆಯೋಗ ೨೦೨೫ರಲ್ಲಿ ಕೈಬಿಟ್ಟಿದೆ.

ಕೆಲಸದಲ್ಲಿ ಹಲವು ಅಂಗಗಳಿದ್ದು, ಒಂದನ್ನು ಅಳೆಯುವುದು ಸುಲಭ, ಉಳಿದುವನ್ನು ಅಳೆಯುವುದು ಕಷ್ಟ ಎಂದಾದಾಗ, ಅಳೆದುದಕ್ಕೆ ಬಲವಾದ ಬಹುಮಾನವನ್ನು ಕಟ್ಟಿದರೆ ಅಳೆಯದುದು ಬಡವಾಗುತ್ತದೆ. ಇದನ್ನು ೧೯೯೧ರಲ್ಲಿಯೇ ಹೋಲ್ಮ್‌ಸ್ಟ್ರೋಮ್ ಮತ್ತು ಮಿಲ್‌ಗ್ರೋಮ್ ಗಣಿತದ ಮೂಲಕ ತೋರಿಸಿಕೊಟ್ಟಿದ್ದರು. ಇಬ್ಬರಿಗೂ ಮುಂದೆ ನೊಬೆಲ್ ಗೌರವ ಬಂತು. ಕೊಟ್ಟಿಗೆಹಾರದ ತೋಟಗಾರರಿಗೆ ಆ ಗಣಿತದ ಅವಶ್ಯಕತೆ ಇರಲಿಲ್ಲ.

ಮಲೆನಾಡಿನ ಕಾಲೇಜೊಂದರ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರನ್ನು ಊಹಿಸಿಕೊಳ್ಳೋಣ. ಮಳೆಗಾಲದಲ್ಲಿ ವಿದ್ಯಾರ್ಥಿಗಳನ್ನು ಚಾರ್ಮಾಡಿಗೆ ಕರೆದೊಯ್ದು, ಇಂಬಳಗಳಿಗೆ ರಕ್ತದಾನ ಮಾಡುತ್ತ, ಬಂಡೆಯ ಮೇಲೆ ನಾಲ್ಕು ವಾರ ಮಾತ್ರ ಬದುಕುವ ಪುಟ್ಟ ಗಿಡವೊಂದನ್ನು ತೋರಿಸುವವರು ಅವರು. ಆ ದಿನವನ್ನು ಅವರು ಕೊಠಡಿಯಲ್ಲಿ ಕುಳಿತು ಹಳೆಯ ಟಿಪ್ಪಣಿಗಳಿಂದ ಲೇಖನವೊಂದನ್ನು ಹೆಣೆಯುವುದಕ್ಕೆ ಬಳಸಿದ್ದರೆ ಬಡ್ತಿಗೆ ಹತ್ತಿರವಾಗುತ್ತಿದ್ದರು. ಇದೇ ಕೊಟ್ಟಿಗೆಹಾರದಲ್ಲಿ ಇಂದು ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿದೆ. ಅವರ ಕಾದಂಬರಿಯ ವಿಜ್ಞಾನಿ ಕರ್ವಾಲೊ ಮೂಡಿಗೆರೆಯಲ್ಲಿದ್ದುಕೊಂಡು ಹಾರುವ ಓತಿಯೊಂದರ ಬೆನ್ನು ಹತ್ತಿ ಕಾಡು ಹೊಕ್ಕವನು. ಆ ಓತಿಗೆ ಎಷ್ಟು ಅಂಕವೆಂದು ಅವನು ಕೇಳಿದ್ದರೆ ಕಾದಂಬರಿ ಎರಡನೆಯ ಪುಟದಲ್ಲಿಯೇ ಮುಗಿಯುತ್ತಿತ್ತು.

ಒಂದೇ ಓಣಿಯ ಎರಡು ಕೊಠಡಿಗಳು

ಇಷ್ಟು ಹೊತ್ತು ನಾವು ಆಡಿದ ಮಾತು ಖಾಯಂ ಅಧ್ಯಾಪಕರನ್ನು ಕುರಿತದ್ದು. ಕರ್ನಾಟಕದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತದೆ. ಅತಿಥಿಯೆಂಬ ಮಾತನ್ನು ಇಷ್ಟು ಕ್ರೂರವಾಗಿ ಬಳಸಿದ ಇನ್ನೊಂದು ನಿದರ್ಶನ ನಮ್ಮ ಭಾಷೆಯಲ್ಲಿ ಇದೆಯೋ ಇಲ್ಲವೋ. ಹತ್ತು ಹದಿನೈದು ವರ್ಷ ಪಾಠ ಹೇಳಿದವರೂ ಇವರಲ್ಲಿದ್ದಾರೆ. ೨೦೨೨ರ ಆರಂಭದವರೆಗೆ ಇವರಿಗೆ ತಿಂಗಳಿಗೆ ದೊರೆಯುತ್ತಿದ್ದ ಗೌರವಧನ, ಆಯೋಗ ವಿಧಿಸಿದ ಅರ್ಹತೆಯುಳ್ಳವರಿಗೆ ೧೩,೦೦೦ ರೂಪಾಯಿ, ಇಲ್ಲದವರಿಗೆ ೧೧,೦೦೦. ಒಂದೇ ಓಣಿಯ ಪಕ್ಕದ ಕೊಠಡಿಯಲ್ಲಿ, ಅದೇ ಪಠ್ಯವನ್ನು ಅದೇ ತರಗತಿಗೆ ಹೇಳುವ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನವನ್ನು ವಾಚಕರು ಇದರೊಡನೆ ಹೋಲಿಸಬಹುದು.

೨೦೨೨ರ ಜನವರಿಯಲ್ಲಿ ಸರ್ಕಾರ ಈ ಗೌರವಧನವನ್ನು ಅರ್ಹತೆಗೂ ಸೇವಾವಧಿಗೂ ಅನುಗುಣವಾಗಿ ೨೬,೦೦೦ದಿಂದ ೩೨,೦೦೦ ರೂಪಾಯಿಗಳವರೆಗೆ ಏರಿಸಿತು. ಏರಿಕೆ ದೊಡ್ಡದೇ. ಆದರೆ ಅದರ ಜೊತೆಗೆ ಒಬ್ಬೊಬ್ಬರು ವಾರಕ್ಕೆ ೧೫ ಗಂಟೆ ಪಾಠ ಹೇಳಬೇಕೆಂಬ ಕಟ್ಟಳೆಯೂ ಬಂತು. ಹಿಂದೆ ಇದಕ್ಕಿಂತ ಕಡಿಮೆ ಗಂಟೆಗಳನ್ನು ಇಬ್ಬರು ಹಂಚಿಕೊಂಡಿದ್ದ ಕಡೆ ಈಗ ಒಬ್ಬರೇ ಸಾಕಾದರು. ಇನ್ನೊಬ್ಬರು ಮನೆಗೆ ಹೋದರು. ಸಂಬಳ ಹೆಚ್ಚಿದವರಿಗೂ ಮುಂದಿನ ವರ್ಷ ಮನೆಗೆ ಹೋಗಬೇಕಾದವರು ತಾವೇ ಏನೋ ಎಂಬ ಅಳುಕು ಉಳಿಯಿತು. ೨೦೨೩ರ ನವೆಂಬರಿನಿಂದ ಅವರು ತರಗತಿಗಳನ್ನು ಬಹಿಷ್ಕರಿಸಿ ಮುಷ್ಕರ ಹೂಡಿದಾಗ ಮುಂದಿಟ್ಟ ಮೊದಲ ಬೇಡಿಕೆ ಹೆಚ್ಚಿನ ಹಣವಾಗಿರಲಿಲ್ಲ, ಸೇವೆಯನ್ನು ಖಾಯಂಗೊಳಿಸಬೇಕೆಂಬುದು. ಅವರಿಗೆ ದೊರೆತುದು, ೨೦೨೪ರ ಜನವರಿಯಿಂದ ಸೇವಾವಧಿಯನ್ನು ನೋಡಿ ೫,೦೦೦ದಿಂದ ೮,೦೦೦ ರೂಪಾಯಿಗಳವರೆಗಿನ ಏರಿಕೆ.

ನಮ್ಮ ಅಭಿಪ್ರಾಯವನ್ನು ಇಲ್ಲಿ ಮರೆಮಾಚುವ ಕಾರಣವಿಲ್ಲ. ಹೊಟ್ಟೆಬಟ್ಟೆಯ ಚಿಂತೆ ತೀರಿದ ಖಾಯಂ ಅಧ್ಯಾಪಕರಿಗೆ ಬೇಕಾದುದು ಬಿಡುವು, ಸ್ವಾತಂತ್ರ್ಯ, ಬಲ್ಲವರ ಮೆಚ್ಚುಗೆ. ಅವರಿಗೆ ನಾವು ಕೊಟ್ಟದ್ದು ಅಂಕಪಟ್ಟಿ. ಅತಿಥಿ ಉಪನ್ಯಾಸಕರಿಗೆ ಬೇಕಾದುದು ಸಾಕಷ್ಟು ಸಂಬಳ ಮತ್ತು ನಾಳೆಯ ಭರವಸೆ. ಅವರಿಂದ ನಾವು ನಿರೀಕ್ಷಿಸಿದ್ದು ನಿಸ್ಪೃಹತೆ. ಔಷಧಿಯ ಎರಡು ಸೀಸೆಗಳು ಅದಲುಬದಲಾಗಿವೆ. ಖಾಯಂ ಹುದ್ದೆಯ ರಕ್ಷಣೆಯಲ್ಲಿ ಸೋಮಾರಿಗಳು ಬೆಳೆಯುವುದಿಲ್ಲವೆ ಎಂದು ಕೆಲವರು ಕೇಳಬಹುದು. ಬೆಳೆಯುತ್ತಾರೆ, ಆಡಂ ಸ್ಮಿತ್ತನ ದೂರು ಇಂದಿಗೂ ಪೂರ್ತಿಯಾಗಿ ಸುಳ್ಳಾಗಿಲ್ಲ. ಅಂಥವರನ್ನು ಹಿಡಿಯುವುದಕ್ಕೆ ಪಕ್ಕದ ಕೊಠಡಿಯ ಸಹೋದ್ಯೋಗಿಗಳ ಕಣ್ಣೂ, ವರ್ಷಕ್ಕೊಮ್ಮೆ ಪಾಠವನ್ನು ಕುಳಿತು ಕೇಳುವ ಹಿರಿಯರ ಕಿವಿಯೂ ಯಾವ ಅಂಕಪಟ್ಟಿಗಿಂತಲೂ ಮೇಲು. ಅದಕ್ಕೆ ಖರ್ಚು ಕಡಿಮೆ, ಮುಜುಗರ ಹೆಚ್ಚು. ಬಹುಶಃ ಆ ಕಾರಣದಿಂದಲೇ ಅದು ರೂಢಿಗೆ ಬಂದಿಲ್ಲ.

ಅತಿಥಿ ಉಪನ್ಯಾಸಕರ ಆಯ್ಕೆ ಶೈಕ್ಷಣಿಕ ವರ್ಷಕ್ಕೊಮ್ಮೆ ಹೊಸದಾಗಿ ನಡೆಯುತ್ತದೆ. ಅರ್ಹತೆ, ಅಂಕ, ಸೇವಾವಧಿಗಳ ಪಟ್ಟಿಯನ್ನು ಮಾಡಿ, ತೆರವಿರುವ ಕಾಲೇಜುಗಳನ್ನು ತೋರಿಸಿ ಆರಿಸಿಕೊಳ್ಳಿರೆಂದು ಹೇಳುತ್ತಾರೆ. ಚಾರ್ಮಾಡಿಯ ಬಂಡೆಗಳ ಮೇಲೆ ಆ ಪುಟ್ಟ ಗಿಡಗಳು ಹೂಬಿಡುವ ಹೊತ್ತಿಗೆ, ಅವುಗಳನ್ನು ತೋರಿಸಬಲ್ಲ ಉಪನ್ಯಾಸಕರು ಮೂಡಿಗೆರೆಯಲ್ಲಿರುತ್ತಾರೋ, ಬಯಲುಸೀಮೆಯ ಯಾವುದೋ ಕಾಲೇಜಿನಲ್ಲಿರುತ್ತಾರೋ, ಇಲ್ಲವೆ ಊರಿನ ತೋಟದಲ್ಲಿಯೇ ಇರುತ್ತಾರೋ ಎಂಬುದು ಅವರಿಗೂ ತಿಳಿದಿರುವುದಿಲ್ಲ.